ಆ ಕಡೆ ಯಾರಾದರೂ ಇದ್ದೀರಾ?

ನಮ್ಮ ಕಡೆ ಅಡಿಕೆ ತೋಟ ಇಟ್ಟುಕೊಂಡವರಿಗೆ ಕರೆಂಟು ಅಂದರೆ ಕಾಯುವ ಕೆಲಸ. ತ್ರೀ ಫೇಸ್ ಹಗಲು ಬರುತ್ತದೋ ನಡುರಾತ್ರಿ ಬರುತ್ತದೋ, ಬಂದದ್ದು ಎಷ್ಟು ಹೊತ್ತು ನಿಲ್ಲುತ್ತದೋ, ಖಾತ್ರಿಯಾಗಿ ಹೇಳುವವರಿಲ್ಲ. ಈಗ ಮೋಟರಿಗೆ ಸಿಮ್ ಹಾಕುವ ಸ್ಟಾರ್ಟರ್ ಬಂದಿದೆ. ತರೀಕೆರೆಯ ಛತ್ರದಲ್ಲಿ ಮದುವೆ ಊಟಕ್ಕೆ ಕೂತವರು ಎಲೆಗೆ ಪಾಯಸ ಬೀಳುವಷ್ಟರಲ್ಲಿ ಫೋನ್ ಒತ್ತಿ ನಮ್ಮೂರು ಅಮೃತಾಪುರದ ತೋಟಕ್ಕೆ ನೀರು ಬಿಟ್ಟಿರುತ್ತಾರೆ. ಅದಕ್ಕೆ ಮುಂಚೆ ಮಿಸ್ಡ್ ಕಾಲ್ ಕಾಲ. ಅದಕ್ಕೂ ಮುಂಚೆ, ತೀರಾ ಸ್ವಲ್ಪ ದಿನ, ನಮ್ಮ ಮನೆಯ ಜಗಲಿಗೂ ಮೋಟರ್ ಮನೆಗೂ ನಡುವೆ ಒಂದು ಜೊತೆ ಸಿಬಿ ರೇಡಿಯೋ ಮಾತು ಸಾಗಿಸುತ್ತಿತ್ತು. ನಾವು ಬಳಸಿದಷ್ಟು ದಿನವೂ ಮೂರನೆಯವರ ಒಂದು ದನಿ ಅದರಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ. ನನ್ನ ಕೊರಗು ಇರುವುದು ಅಲ್ಲೇ.

ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ಅನ್ನುವುದನ್ನು ಜನ ಮರುಳಾಗಿ ಬಳಸಿದ್ದು ಅಮೆರಿಕದಲ್ಲಿ. 27 ಮೆಗಾಹರ್ಟ್ಸ್ ಆಸುಪಾಸಿನ ಒಂದಿಷ್ಟು ಜಾಗವನ್ನು ಅಲ್ಲಿನ ಸರ್ಕಾರ 1958ರಲ್ಲಿ ಜನಸಾಮಾನ್ಯರ ಮಾತುಕತೆಗೆ ಬಿಟ್ಟುಕೊಟ್ಟಿತು. ಪರೀಕ್ಷೆ ಕಟ್ಟಬೇಕಿಲ್ಲ, ಮೋರ್ಸ್ ಸಂಕೇತ ಕಲಿಯಬೇಕಿಲ್ಲ. 1973ರ ತೈಲ ಬಿಕ್ಕಟ್ಟು ಬಂದಾಗ ಯಾವ ಬಂಕಿನಲ್ಲಿ ಡೀಸೆಲ್ ಉಳಿದಿದೆ, ಪೊಲೀಸಿನವರು ಯಾವ ತಿರುವಿನಲ್ಲಿ ನಿಂತಿದ್ದಾರೆ ಎಂದು ಲಾರಿ ಡ್ರೈವರುಗಳು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸತೊಡಗಿದರು. ಆಮೇಲೆ ಅದನ್ನು ಹಿಡಿಯುವವರೇ ಇಲ್ಲ. 23 ಇದ್ದ ಚಾನೆಲ್‌ಗಳು ಸಾಲದೆ 1977ರಲ್ಲಿ 40ಕ್ಕೆ ಏರಿಸಬೇಕಾಯಿತು. 19ನೆಯದು ಲಾರಿಯವರದು, 9ನೆಯದು ಆಪತ್ತಿಗೆ. ಗುರುತು ಪರಿಚಯ ಇಲ್ಲದ ಲಕ್ಷಾಂತರ ಜನ ಒಂದೇ ಜಗಲಿಯಲ್ಲಿ ಕೂತು ಹರಟಿದರು.

ನಮ್ಮ ಮನೆಗೆ ಆ ಜೋಡಿ ಬಂದದ್ದು 80ರ ದಶಕದಲ್ಲಿ, ಅಮೆರಿಕದಿಂದ ರಜೆಗೆ ಬಂದ ನೆಂಟರ ಸೂಟ್‌ಕೇಸಿನಲ್ಲಿ. ಕಪ್ಪು ಬಣ್ಣ, ಬೆನ್ನಿಗೆ ಚರ್ಮದ ಚೀಲ, ತಲೆಯಿಂದ ಎಳೆದರೆ ಎಳೆದಷ್ಟೂ ಬರುವ ಸ್ಟೀಲ್ ಆಂಟೆನಾ. ತಂದವರ ಲೆಕ್ಕದಲ್ಲಿ ಅದು ಮಕ್ಕಳ ಆಟದ ಸಾಮಾನು. ನಮ್ಮ ಚಿಕ್ಕಪ್ಪನ ಲೆಕ್ಕದಲ್ಲಿ ಪೊಲೀಸ್ ಸ್ಟೇಷನ್ನಿನ ದಾರಿ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಬಳಸುವುದಿರಲಿ, ಇಟ್ಟುಕೊಳ್ಳುವುದೇ ಅಪರಾಧ ಎಂದು 1933ರ ಕಾಯ್ದೆ ಹೇಳುತ್ತಿತ್ತು. ಕೇಳುವ ರೇಡಿಯೋಗೇ ವರ್ಷವರ್ಷ ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದ ಪದ್ಧತಿ ಆಗತಾನೇ ಕೊನೆಯ ಉಸಿರು ಎಳೆಯುತ್ತಿತ್ತು. ಮಾತಾಡುವ ರೇಡಿಯೋ ಅಂದರೆ ಕೇಳಬೇಕೇ? ಚಿಕ್ಕಪ್ಪ ಎರಡರ ಸೆಲ್ಲೂ ತೆಗೆದು, ನ್ಯೂಸ್ ಪೇಪರಿನಲ್ಲಿ ಸುತ್ತಿ, ಅಟ್ಟದ ಮೇಲಿನ ಟ್ರಂಕಿಗೆ ಹಾಕಿ ಬೀಗ ಜಡಿದರು. ನಮಗೆ ಅತ್ತು ಕರೆದು ಸಿಕ್ಕಿದ್ದು ಬರೀ ಆ ಚರ್ಮದ ಚೀಲ.

ಅವರು ಹೆದರುಪುಕ್ಕಲರೇನೂ ಅಲ್ಲ. ಕಾನೂನನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೆ ಕಾರಣ ಇತ್ತು: ಇಡೀ ಜಗತ್ತಿನ ಜೊತೆ ಮಾತಾಡುವ ಪರವಾನಗಿ ಅವರ ಕೈಯಲ್ಲಿ ಆಗಲೇ ಇತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಚಿಕ್ಕಪ್ಪ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. ವಿಯು2 ಎಂದು ಶುರುವಾಗುವ ಕರೆ ಸಂಕೇತ ಪಡೆದವರು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ತೋಟ ನೋಡಿಕೊಳ್ಳಲು ಯಾರೂ ಇಲ್ಲವೆಂದು ಊರಿಗೆ ಮರಳಿದ್ದರು. 1959ರಲ್ಲಿ ಶುರುವಾದ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬಿನ ಗೆಳೆಯರ ಸಹವಾಸದಲ್ಲಿ ಅಂಟಿದ ಗೀಳು ಅದು. ಪರೀಕ್ಷೆಯಲ್ಲಿ ಎಲೆಕ್ಟ್ರಾನಿಕ್ಸ್, ನಿಯಮಾವಳಿ, ಮೇಲೆ ಮೋರ್ಸ್. ಎರಡನೇ ದರ್ಜೆಗೆ ನಿಮಿಷಕ್ಕೆ 5 ಪದ, ಮೊದಲ ದರ್ಜೆಗೆ 12. ಅಡಿಕೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತೇ ಬಾಯಲ್ಲಿ ಡಾ-ಡಿ-ಡಾ-ಡಿ ಅನ್ನುತ್ತಿದ್ದರಂತೆ. ಅಜ್ಜಿಗೆ ಮಗನ ತಲೆಯ ಮೇಲೆಯೇ ಅನುಮಾನ ಬಂದಿತ್ತು.

ಪಾಸಾದ ಮೇಲೆ ಪೊಲೀಸ್ ವಿಚಾರಣೆ. ಸೈಕಲ್ಲಿನಲ್ಲಿ ಬಂದ ಪೇದೆಯನ್ನು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಆತ ನೋಟ್ ಪುಸ್ತಕ ತೆಗೆದು, "ಯಾರ ಜೊತೆ ಮಾತಾಡ್ತೀರಿ ಸ್ವಾಮಿ?" ಎಂದ. "ಯಾರು ಸಿಗ್ತಾರೋ ಅವರ ಜೊತೆ." "ಯಾರು ಸಿಗ್ತಾರೆ ಅಂತ ಮೊದಲೇ ಗೊತ್ತಿರಲ್ವಾ?" "ಇಲ್ಲ." "ಸಿಕ್ಕಿದ ಮೇಲೆ ಏನು ಮಾತಾಡ್ತೀರಿ?" "ನಿಮ್ಮ ದನಿ ಹೇಗೆ ಕೇಳ್ತಿದೆ ಅಂತ ಹೇಳ್ತೀನಿ, ನನ್ನ ದನಿ ಹೇಗೆ ಕೇಳ್ತಿದೆ ಅಂತ ಕೇಳ್ತೀನಿ." ಪೇದೆ ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡನಂತೆ. ಏನು ಬರೆದುಕೊಂಡು ಹೋದನೋ, ಕಾಗದ ದೆಹಲಿಗೆ ಹೋಗಿ ಲೈಸೆನ್ಸು ಬರುವಷ್ಟರಲ್ಲಿ ಒಂದು ಕೊಯ್ಲು ಮುಗಿದು ಇನ್ನೊಂದು ಕೊಯ್ಲಿನ ಹೊತ್ತಾಗಿತ್ತು.

ಆಂಟೆನಾ ಕಟ್ಟಿದ ದಿನ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಮರ ಹತ್ತಿದವನ ಕೆಳಗೆ ಹಗ್ಗ ಹಿಡಿದು ನಿಂತವನು ನಾನು. 7 ಮೆಗಾಹರ್ಟ್ಸ್ ಅಂದರೆ 40 ಮೀಟರ್ ಬ್ಯಾಂಡ್. ಅದರ ಅರ್ಧ, 20 ಮೀಟರ್ ಚಿಲ್ಲರೆ ತಾಮ್ರದ ತಂತಿ ಬೇಕು. ಅದನ್ನು ನಡುವೆ ಕತ್ತರಿಸಿ, ಎರಡು ತುಂಡುಗಳ ಮಧ್ಯೆ ಪಿಂಗಾಣಿಯ ಇನ್ಸುಲೇಟರ್ ಇಟ್ಟು, ಅಲ್ಲಿಂದ ಕೇಬಲ್ ಇಳಿಸಿ ಮನೆಯೊಳಕ್ಕೆ ತರಬೇಕು. ತೋಟದ ಅಂಚಿನ ಎರಡು ಎತ್ತರದ ಅಡಿಕೆ ಮರ ಆರಿಸಿದರು. ಕೊನೆ ಕೊಯ್ಯುವವನು ಒಂದನ್ನು ಹತ್ತಿ ಸುಳಿಯ ಕೆಳಗೆ ಹಗ್ಗ ಬಿಗಿದ. ಇನ್ನೊಂದನ್ನು ಹತ್ತುವ ಮುಂಚೆ ಚಿಕ್ಕಪ್ಪ ಅವನ ಸೊಂಟಕ್ಕೆ ಬಾವಿಯ ಹಳೇ ರಾಟೆಯೊಂದನ್ನು ಕಟ್ಟಿದರು. ಅಡಿಕೆ ಮರ ಗಾಳಿಗೆ ತೂಗುವ ಜಾತಿ. ಎರಡೂ ತುದಿ ಬಿಗಿದರೆ ಮೊದಲ ಬಿರುಗಾಳಿಗೇ ತಂತಿ ಪಟ್ಟೆಂದು ಹರಿಯುತ್ತದೆ. ಅದಕ್ಕೇ ಎರಡನೇ ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಅದರ ಕೊನೆಗೆ ಒಂದು ಕಲ್ಲು ತೂಗುಬಿಟ್ಟರು. ಮರ ಹೊರಗೆ ವಾಲಿದರೆ ಕಲ್ಲು ಮೇಲೇರುತ್ತದೆ, ಒಳಗೆ ವಾಲಿದರೆ ಇಳಿಯುತ್ತದೆ, ತಂತಿ ಮಾತ್ರ ಅಷ್ಟೇ ಬಿಗುವು. ಆ ಕಲ್ಲು ಏರಿಳಿಯುವುದನ್ನು ನೋಡುತ್ತ ಕೂರುವುದು ಸುಮಾರು ದಿನ ಊರ ಹುಡುಗರಿಗೆ ಒಂದು ಕೆಲಸವಾಯಿತು.

ಟ್ರಾನ್ಸ್‌ಮಿಟರು ಮನೆಯಲ್ಲೇ ಮಾಡಿದ್ದು. ಅಲ್ಯೂಮಿನಿಯಂ ತಗಡಿನ ಚಾಸಿ, ಬೆಂಗಳೂರಿನ ಎಸ್.ಪಿ. ರೋಡಿನ ಗುಜರಿಯಲ್ಲಿ ಆರಿಸಿ ತಂದ ಕೆಪಾಸಿಟರುಗಳು, ಕೈಯಿಂದ ಸುತ್ತಿದ ಕಾಯಿಲುಗಳು, ತುದಿಯಲ್ಲಿ 807 ಎಂಬ ವಾಲ್ವು. ಆ ತಲೆಮಾರಿನ ಹ್ಯಾಮ್‌ಗಳ ಮನೆ ದೇವರು ಆ 807. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಸರಕಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ವಾಲ್ವು, ನೂರಾರು ವೋಲ್ಟು ಕುಡಿದು ಗಾಜಿನೊಳಗೆ ಒಂದು ನೀಲಿ ಛಾಯೆ ತೋರುತ್ತಿತ್ತು. ಕೋಣೆಯ ಬಾಗಿಲಿಗೆ ಅಜ್ಜಿ ನಮಗಾಗಿಯೇ ಚಿಲಕ ಹಾಕಿಸಿದ್ದಳು. ಶಕ್ತಿ ಆಂಟೆನಾಕ್ಕೆ ಹೋಗುತ್ತಿದೆಯೋ ಇಲ್ಲವೋ ನೋಡಲು ಬೆಲೆಬಾಳುವ ಮೀಟರಿಲ್ಲ. ದಾರಿಯಲ್ಲಿ ಒಂದು ಟಾರ್ಚ್ ಬಲ್ಬು. ಕೀ ಒತ್ತಿದಾಗ ಬಲ್ಬು ಚೆನ್ನಾಗಿ ಉರಿಯುವವರೆಗೆ ಗುಂಡಿ ತಿರುಗಿಸಬೇಕು. ಉರಿಯದಿದ್ದರೆ ತಂತಿಯ ತುದಿ ಒಂದೆರಡು ಇಂಚು ಮಡಚಬೇಕು. ಕೆಳಗಿಳಿಸು, ಮಡಚು, ಮೇಲೇರಿಸು, ಬಲ್ಬು ನೋಡು. ಕಲ್ಲಿನ ಏರಿಳಿತದ ವ್ಯವಸ್ಥೆ ಇದಕ್ಕೂ ಒದಗಿತು.

ಕೂಡಲೇ ಮಾತಾಡಲು ಬಿಡುತ್ತಿರಲಿಲ್ಲ. ಮೊದಲು ಕೇಳು. ಈ ಜಾಗದಲ್ಲಿ ಯಾರಾದರೂ ಆಗಲೇ ಮಾತಾಡುತ್ತಿದ್ದಾರೆಯೇ? ಇಲ್ಲವೆಂದು ಗೊತ್ತಾದ ಮೇಲೂ ಒಮ್ಮೆ ಕೇಳು: ಈ ಜಾಗ ಖಾಲಿ ಇದೆಯೇ? ಯಾರೂ ಉತ್ತರಿಸದಿದ್ದರೆ ಮಾತ್ರ ಕರೆ. ಕರೆಯುವುದೂ ಯಾರನ್ನೋ ಗೊತ್ತುಮಾಡಿ ಅಲ್ಲ. ಸಿಕ್ಯೂ, ಸಿಕ್ಯೂ: ಕೇಳಿಸಿಕೊಳ್ಳುತ್ತಿರುವವರು ಯಾರೇ ಆಗಲಿ, ಬನ್ನಿ. ಹೇಳಿ ಮುಗಿಸಿ ಗುಂಡಿ ಬಿಟ್ಟು ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಸ್ಪೀಕರಿನ ಮೊರೆತದೊಳಗಿಂದ ಒಂದು ದನಿ ಎದ್ದು ಬಂದಾಗ ಚಿಕ್ಕಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಬೆಳಗಿನ ಹೊತ್ತು ಬೆಂಗಳೂರು, ಹೈದರಾಬಾದ್, ಮದ್ರಾಸು. ಹೊತ್ತು ಮುಳುಗಿದ ಮೇಲೆ ಅದೇ ತಂತಿ, ಅದೇ ವಾಲ್ವು ಇನ್ನೂ ದೂರ ಹೋಗುತ್ತಿತ್ತು. ಅಯಾನುಗೋಳದ ಕೆಳಪದರ ಸೂರ್ಯ ಇಳಿದೊಡನೆ ಕರಗುತ್ತದೆ, ಹಗಲಿಡೀ ತರಂಗವನ್ನು ನುಂಗುತ್ತಿದ್ದುದು ಅದೇ; ಅದು ಹೋದರೆ ಮೇಲಿನ ಪದರಕ್ಕೆ ಬಡಿದು ಚಿಮ್ಮಿದ ದನಿ ಸಮುದ್ರ ದಾಟುತ್ತದೆ. ತಿಳಿಸಿ ಹೇಳಿದ್ದು ಚಿಕ್ಕಪ್ಪನೇ, ತೋಟದ ಬಸಿಗಾಲುವೆಯ ದಂಡೆಯ ಮೇಲೆ ಕಡ್ಡಿಯಲ್ಲಿ ಗೀಚಿ.

ಊರಿನ ಕರೆಂಟು ಇಲ್ಲಿಯೂ ತನ್ನ ಕೈಚಳಕ ತೋರಿಸದೆ ಬಿಟ್ಟಿಲ್ಲ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜು ಕುಸಿದು ಚಿಕ್ಕಪ್ಪನ ಮೋರ್ಸಿನ ಸ್ವರ ಚಿಂವ್ ಎಂದು ಜಾರುತ್ತಿತ್ತು. ಹೈದರಾಬಾದಿನ ಒಬ್ಬ ಗೆಳೆಯರು ಅಷ್ಟು ಕೇಳಿದೊಡನೆ, "ತೋಟಕ್ಕೆ ನೀರು ಬಿಟ್ಟಿರಾ?" ಎಂದು ಕೀಯಲ್ಲೇ ಟಕಟಕಿಸುತ್ತಿದ್ದರಂತೆ. ನಾನೂರು ಐನೂರು ಕಿಲೋಮೀಟರು ಆಚೆ, ಮುಖ ನೋಡದ ಒಬ್ಬರಿಗೆ ಅಮೃತಾಪುರದ ತೋಟಗಳ ನೀರಾವರಿ ಗೊತ್ತಾಗುತ್ತಿತ್ತು! ಭರಣಿ, ಕೃತ್ತಿಕೆ ಮಳೆಗಳ ಗುಡುಗಿನ ದಿನಗಳಲ್ಲಿ ಮಾತ್ರ ಎಲ್ಲ ಬಂದ್. ಕೇಬಲ್ ಕಿತ್ತು ಕಿಟಕಿಯಾಚೆ ಎಸೆದು ಸುಮ್ಮನೆ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಕೂರುವುದು. 1965ರಲ್ಲಿ ಶುರುವಾದ ಆ ಕೇಂದ್ರದ 675 ಕಿಲೋಹರ್ಟ್ಸ್ ಪ್ರಸಾರ ನಮಗೆ ಎಷ್ಟು ಹತ್ತಿರವೆಂದರೆ, ಮನೆಯಲ್ಲಿ ಮಾಡಿದ ರಿಸೀವರಿನೊಳಗೆ ಕರೆಯದೆಯೂ ನುಗ್ಗುತ್ತಿತ್ತು. ಹೊರದೇಶದ ಯಾರೋ ಹೆಸರು ಹೇಳುತ್ತಿರುವ ಹೊತ್ತಿಗೆ ಸರಿಯಾಗಿ ಹಿಂದೆ ಅಡಿಕೆ ಧಾರಣೆ.

ಪ್ರಸಾರದ ವಿಷಯ ಬಂದಾಗಲೆಲ್ಲ ಚಿಕ್ಕಪ್ಪ ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಹೆಸರು ತೆಗೆಯದೆ ಬಿಡುತ್ತಿರಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರು 1935ರಲ್ಲಿ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರು ತರಿಸಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಮುಂದೆ ಇಡೀ ದೇಶದ ರೇಡಿಯೋಗೆ ಆಯಿತು. ಮೇಷ್ಟರೊಬ್ಬರು ಮನೆಯ ಕೋಣೆಯಲ್ಲಿ ಕೂತು ಮಾಡಿದ್ದು ಎಂಬುದೇ ಚಿಕ್ಕಪ್ಪನಿಗೆ ಮುಖ್ಯ. ಸರ್ಕಾರ ಹಿಂದೆ ಬಂತು, ಮನುಷ್ಯ ಮೊದಲು ಹೋದ ಅನ್ನುತ್ತಿದ್ದರು.

ಸಂಪರ್ಕ ಸಿಕ್ಕವರಿಗೆ ಕ್ಯೂಎಸ್‌ಎಲ್ ಕಾರ್ಡು ಕಳಿಸುವುದು ಹ್ಯಾಮ್‌ಗಳ ಮರ್ಯಾದೆ. ಇಂಥ ದಿನ, ಇಂಥ ಹೊತ್ತು, ಇಂಥ ಫ್ರೀಕ್ವೆನ್ಸಿಯಲ್ಲಿ ನಾವಿಬ್ಬರೂ ಮಾತಾಡಿದ್ದು ನಿಜ ಎಂಬ ಸಾಕ್ಷಿ. ಚಿಕ್ಕಪ್ಪ ತರೀಕೆರೆಯ ಪ್ರೆಸ್ಸಿನಲ್ಲಿ ಅಮೃತೇಶ್ವರ ದೇವಸ್ಥಾನದ ಚಿತ್ರ ಹಾಕಿಸಿ ಕಾರ್ಡು ಅಚ್ಚು ಮಾಡಿಸಿದ್ದರು. ಊರು ಯಾವುದು ಎಂದು ಕೇಳಿದವರಿಗೆಲ್ಲ 1196, ವೀರಬಲ್ಲಾಳ, ಅಮೃತ ದಂಡನಾಯಕ, ಮಂಟಪದ ಗೋಡೆಯ ಮೇಲೆ ರಾಮಾಯಣ, ಕವಿ ಜನ್ನ ರಚಿಸಿದ ಶಾಸನ ಎಂದು ಒದರಲು ಹೋಗಿ, ಕೇಳುವವರ ದನಿಯೇ ಮಸುಕಾಗಿ ಹೋದದ್ದೂ ಉಂಟು. ಆಮೇಲೆ ಸುಲಭದ ದಾರಿ ಸಿಕ್ಕಿತು. ಹ್ಯಾಮ್‌ಗಳು ಭೂಮಿಯನ್ನೆಲ್ಲ ಚೌಕ ಚೌಕವಾಗಿ ಭಾಗ ಮಾಡಿ ಒಂದೊಂದಕ್ಕೂ ಒಂದು ಗುರುತು ಕೊಟ್ಟಿದ್ದಾರೆ. ಅಕ್ಷಾಂಶ 13ರಿಂದ 14, ರೇಖಾಂಶ 74ರಿಂದ 76ರ ನಡುವಿನ ನಮ್ಮ ಚೌಕ ಎಂಕೆ73. ಈ 73 ಇದೆಯಲ್ಲ, ಹತ್ತೊಂಬತ್ತನೇ ಶತಮಾನದ ತಂತಿ ಗುಮಾಸ್ತರ ಕಾಲದಿಂದಲೂ ಮಾತು ಮುಗಿಸುವಾಗ ಹೇಳುವ ನಮಸ್ಕಾರ. ತರೀಕೆರೆ, ಭದ್ರಾವತಿ, ಶಿವಮೊಗ್ಗ ಎಲ್ಲ ಸೇರಿ ಒಂದು ನಮಸ್ಕಾರದೊಳಗಿದ್ದೇವೆ ಎಂದು ಚಿಕ್ಕಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಹಾಗೆ ನೋಡಿದರೆ ಇದರಲ್ಲಿ ಊರಿನ ಹೆಚ್ಚುಗಾರಿಕೆ ಏನೂ ಇಲ್ಲ, ಲೆಕ್ಕ ಹಾಗೆ ಬಂದಿದೆ ಅಷ್ಟೆ. ಆದರೂ ಹೇಳಿಕೊಳ್ಳಲು ಚೆಂದ.

2004ರ ಡಿಸೆಂಬರಿನ ಸುನಾಮಿ ಬಂದಾಗ ಅವರು ಸೆಟ್ಟಿನ ಮುಂದಿಂದ ಎದ್ದಿದ್ದೇ ಕಡಿಮೆ. ಅಂಡಮಾನಿನಿಂದ ಹ್ಯಾಮ್ ಪ್ರಸಾರ ಮಾಡಲು ತಂಡ ಕಟ್ಟಿಕೊಂಡು ಹೋಗಿದ್ದ ಭಾರತಿ ಪ್ರಸಾದ್ ಪೋರ್ಟ್ ಬ್ಲೇರಿನ ಹೋಟೆಲಿನಲ್ಲಿದ್ದರು. ಟೆಲಿಫೋನು ಸತ್ತುಹೋದ ದ್ವೀಪಗಳಿಂದ ಯಾರು ಬದುಕಿದ್ದಾರೆ, ಯಾರು ಸಿಕ್ಕಿಲ್ಲ ಎಂಬ ಸುದ್ದಿ ಅವರ ಸೆಟ್ಟಿನಿಂದ ಹೊರಬಂತು. ದೇಶದ ಉದ್ದಗಲದ ಹ್ಯಾಮ್‌ಗಳು ಆ ಮಾತನ್ನು ಬರೆದುಕೊಂಡು ಅವರವರ ಮನೆಯವರಿಗೆ ಮುಟ್ಟಿಸಿದರು. ಮರುವರ್ಷ ಮೇ 5ಕ್ಕೆ ಇಸ್ರೋ ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಪುಟ್ಟ ಉಪಗ್ರಹವನ್ನು ಹಾರಿಸಿತು, ಹ್ಯಾಮ್‌ಗಳಿಗೇ ಅಂತ. ಅದು ತಲೆಯ ಮೇಲೆ ಹಾಯುವ ಹತ್ತೋ ಹನ್ನೆರಡೋ ನಿಮಿಷ, ಚಿಕ್ಕಪ್ಪ ತಾರಸಿಯಲ್ಲಿ ಕೈಯಲ್ಲೊಂದು ಕಡ್ಡಿ ಕಡ್ಡಿ ಆಂಟೆನಾ ಹಿಡಿದು ಆಕಾಶದಲ್ಲಿ ಏನನ್ನೋ ಹಿಂಬಾಲಿಸುತ್ತ ಮೆಲ್ಲಗೆ ತಿರುಗುತ್ತಿದ್ದರು. ಉಪಗ್ರಹ ಹತ್ತಿರ ಬರುವಾಗ ದನಿ ಸಣ್ಣಗಾಗಿ, ದೂರ ಹೋಗುವಾಗ ದಪ್ಪಗಾಗಿ ಜಾರುತ್ತದೆ. ಗುಂಡಿ ತಿರುಗಿಸುತ್ತಲೇ ಇರಬೇಕು. ಪಕ್ಕದ ಮನೆಯವರು ಇದನ್ನು ನೋಡಿ ರೂಢಿಯಾಗಿ ಏನೂ ಕೇಳದೆ ಬಟ್ಟೆ ಒಣಗಿಹಾಕುತ್ತಿದ್ದರು. ಆ ಉಪಗ್ರಹವೂ 2014ರಲ್ಲಿ ಮೌನವಾಯಿತು.

ಸಿಬಿಗೆ ಬಿಡುಗಡೆ ಸಿಕ್ಕಿದ್ದೂ ಹ್ಯಾಮ್‌ಸ್ಯಾಟ್ ಹಾರಿದ ಅದೇ 2005ರಲ್ಲಿ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವಾಟ್ ಮೀರದ ಸೆಟ್ಟುಗಳಿಗೆ ಇನ್ನು ಲೈಸೆನ್ಸು ಬೇಡ ಎಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಇನ್ನೊಬ್ಬರಿಗೆ ಅಡ್ಡಿ ಮಾಡಬಾರದು, ತನಗೆ ಅಡ್ಡಿಯಾದರೆ ದೂರಬಾರದು ಎಂಬ ಷರತ್ತು. (ಒಳ್ಳೆ ಸಂಸಾರಕ್ಕೂ ಇಷ್ಟೇ ಬೇಕಾದದ್ದು.) ಚಿಕ್ಕಪ್ಪ ಆ ಸುದ್ದಿ ಓದಿದವರೇ ಏಣಿ ಹಾಕಿ ಅಟ್ಟ ಹತ್ತಿದರು. ಟ್ರಂಕಿನಿಂದ ಜೋಡಿ ಕೆಳಗಿಳಿಯಿತು. ಮೊದಲೇ ಸೆಲ್ಲು ತೆಗೆದಿಟ್ಟಿದ್ದರಿಂದ ಒಳಗೆ ಒಂದು ಚುಕ್ಕೆ ಕಿಲುಬಿಲ್ಲ. 40 ಚಾನೆಲ್ಲಿನಲ್ಲಿ ನಮ್ಮ ದೇಶದ ಮಿತಿಯೊಳಗೆ ಬರುವುದು 27ನೆಯದರವರೆಗೆ ಮಾತ್ರ, 28ನೆಯದು 27.285ರಲ್ಲಿ ಕೂತಿದೆ, ಒಂದು ಕೂದಲೆಳೆ ಆಚೆ. ಚಿಕ್ಕಪ್ಪ ಗುಂಡಿಯ ಪಕ್ಕ 27ರ ಹತ್ತಿರ ಕೆಂಪು ನೇಲ್ ಪಾಲಿಶ್ ಹಚ್ಚಿ, "ಇದನ್ನ ದಾಟಿದ್ರೆ ಕೈ ಮುರೀತೀನಿ" ಎಂದರು.

ಬಳಸಲು ಕಲಿಸಿದ್ದು ಒಂದು ಭಾನುವಾರ. ಆಂಟೆನಾ ಪೂರ್ತಿ ಎಳೆ, ಅರ್ಧ ಎಳೆದರೆ ದನಿ ತೋಟದ ಬೇಲಿ ದಾಟದು. ಸ್ಕ್ವೆಲ್ಚ್ ಗುಂಡಿಯನ್ನು ಮೊರೆತ ನಿಲ್ಲುವಷ್ಟೇ ತಿರುಗಿಸು, ಅದಕ್ಕಿಂತ ಹೆಚ್ಚಾದರೆ ಸಣ್ಣ ದನಿಯನ್ನೂ ಅದು ಒಳಗೆ ಬಿಡದು. ಒತ್ತು, ಒಂದು ಉಸಿರು ತಡಿ, ಆಮೇಲೆ ಮಾತಾಡು, ಮುಗಿದ ಮೇಲೆ ಬಿಡು. ತೋಟದಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದವನಿಗೆ ಈ ಬಿಡುವುದೇ ಬಗೆಹರಿಯಲಿಲ್ಲ. ಗುಂಡಿ ಅದುಮಿಕೊಂಡೇ "ಕೇಳ್ತಾ ಐತಾ ಅಣ್ಣಾ? ಅಣ್ಣಾ?" ಎಂದು ಅರಚಿ, ಉತ್ತರ ಬರಲಿಲ್ಲವೆಂದು ಮತ್ತೂ ಜೋರಾಗಿ ಅರಚುತ್ತಿದ್ದ. ರೇಡಿಯೋ ಇಲ್ಲದೆಯೇ ಜಗಲಿಗೆ ಕೇಳಿಸುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಅವನೇ ಎಲ್ಲರಿಗಿಂತ ಚೊಕ್ಕ. "ತ್ರೀ ಫೇಸ್ ಬಂತು ಕಣಣ್ಣ, ಮೋಟ್ರು ಹಾಕ್ದೆ, ಓವರ್." "ವಾಲ್ವ್ ಯಾವುದು ತಿರುಗಿಸ್ದೆ? ಓವರ್." "ಕೆಳಗಿನ ತೋಟದ್ದು. ಒಂದು ಪೈಪ್ ಒಡದೈತೆ, ಓವರ್." ಅಮ್ಮ ಮಾತ್ರ ಕೊನೆಯವರೆಗೂ ಓವರ್ ಅನ್ನಲು ಒಪ್ಪಲಿಲ್ಲ. ಹೇಳುವುದು ಹೇಳಿ, "ಹ್ಞೂಂ, ನೀನು ಹೇಳು" ಎಂದು ಗುಂಡಿ ಬಿಡುತ್ತಿದ್ದರು. ನಿಯಮಕ್ಕೇನೂ ಕುಂದಾಗಲಿಲ್ಲ.

ರಜೆಗೆ ಬಂದ ಅಕ್ಕನ ಮಗನ ರಿಮೋಟ್ ಕಾರು ಅಂಗಳದಲ್ಲಿ ಓಡಿದರೆ ಸೆಟ್ಟು ಕರಕರ ಎನ್ನುತ್ತಿತ್ತು. ಆಟದ ಕಾರುಗಳೂ 27 ಮೆಗಾಹರ್ಟ್ಸ್‌ನಲ್ಲೇ ಓಡುವುದು. ಅಮೃತಾಪುರದ ಆ ಬ್ಯಾಂಡಿನಲ್ಲಿ ನಮ್ಮನ್ನು ಬಿಟ್ಟರೆ ಇದ್ದ ಇನ್ನೊಂದು ಸದ್ದು ಅದು. ರಾತ್ರಿ ನೀರು ಹಾಯಿಸುವ ಹೊತ್ತಿನಲ್ಲಿ ಚಿಕ್ಕಪ್ಪ ಒಂದೊಂದೇ ಚಾನೆಲ್ ತಿರುಗಿಸುತ್ತ, ಯಾರಾದರೂ ಇದ್ದೀರಾ ಎಂದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಬೇಕೆಂದೇ ಅರೆಬರೆ ಹಿಂದಿಯಲ್ಲಿ ಕೇಳುತ್ತಿದ್ದರು. ಹೆದ್ದಾರಿಯಲ್ಲಿ ಹೋಗುವ ಲಾರಿಯವರು ಯಾರಾದರೂ ಇಟ್ಟುಕೊಂಡಿರಬಹುದು ಎಂಬ ಆಸೆ. ಅವರ ಕೈಯಲ್ಲಿ ಆಗಲೇ ಮೊಬೈಲು.

ಆಕಾಶವೂ ಕೈಕೊಟ್ಟಿತು. 27 ಮೆಗಾಹರ್ಟ್ಸ್ ದೂರ ಹೋಗುವುದು ಸೂರ್ಯನ ಮೇಲೆ ಕಲೆಗಳು ತುಂಬಿದಾಗ, ಸುಮಾರು ಹನ್ನೊಂದು ವರ್ಷಕ್ಕೊಮ್ಮೆ. ಅಂಥ ವರ್ಷಗಳಲ್ಲಿ ಐದು ವಾಟು ಖಂಡಗಳನ್ನು ದಾಟುತ್ತದೆ. 1989, 90ರಲ್ಲಿ ಸೂರ್ಯ ಉಕ್ಕುತ್ತಿದ್ದಾಗ ನಮ್ಮ ಸೆಟ್ಟುಗಳು ಟ್ರಂಕಿನಲ್ಲಿ, ಬೀಗದೊಳಗೆ. ಬೀಗ ತೆಗೆದ ಹೊತ್ತಿಗೆ ಸೂರ್ಯ ಇಳಿಮುಖ; 2008, 09ರಲ್ಲಂತೂ ನೂರು ವರ್ಷಕ್ಕೊಮ್ಮೆ ಕಾಣುವಂಥ ಜೊಂಪು. ಕಾನೂನು ಬಿಟ್ಟಾಗ ಸೂರ್ಯ ಬಿಡಲಿಲ್ಲ, ಸೂರ್ಯ ಬಿಟ್ಟಾಗ ಕಾನೂನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಊರ ಹತ್ತಿರವೇ ಟವರು ಎದ್ದಿತು. ತೋಟದವನು ಒಂದು ಬೇಸಿಗೆಯಲ್ಲಿ ತನ್ನದೇ ಫೋನು ಕೊಂಡು, ಸೆಟ್ಟನ್ನು ಒರೆಸಿ ತಂದು ಜಗಲಿಯ ಮೇಲಿಟ್ಟ. ಇನ್ನು ಮಿಸ್ಡ್ ಕಾಲ್ ಕೊಡ್ತೀನಿ ಅಣ್ಣಾ ಎಂದ.

ಮೊಬೈಲಿನ ಮೇಲೆ ನನಗೆ ಮುನಿಸಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದದ್ದು ನೆನಪಿದೆ. 1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್‌ನ ಹಳ್ಳಿ ಎಕ್ಸ್‌ಚೇಂಜು ಬಂದದ್ದನ್ನು ಪೇಪರಿನಲ್ಲಿ ಓದಿ ನಮ್ಮೂರಿಗೆ ಎಂದು ಬರುತ್ತದೋ ಎಂದು ಅಪ್ಪ ಲೆಕ್ಕ ಹಾಕಿದ್ದು ನೆನಪಿದೆ. ನಡುರಾತ್ರಿ ಎದೆನೋವು ಬಂದ ಮನೆಗೆ ಮೊಬೈಲು ಬೇಕು, ಸಿಕ್ಯೂ ಅಲ್ಲ. ಆದರೆ ಮೊಬೈಲಿನಲ್ಲಿ ನಾನು ಮಾತಾಡುವುದು ಗೊತ್ತಿರುವವರ ಜೊತೆ ಮಾತ್ರ. ಗೊತ್ತಿಲ್ಲದ ನಂಬರು ಬಂದರೆ ಮೊದಲು ಸಂಶಯ, ಆಮೇಲೆ ಬ್ಲಾಕ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರು ಜನ ಇದ್ದೇವೆ, ಅಡಿಕೆ ಬೆಳೆಗಾರರು. ಎಲ್ಲರೂ ಒಟ್ಟಿಗೆ ಗುಂಡಿ ಅದುಮಿಕೊಂಡಿದ್ದೇವೆ, ಬಿಡುವವರಿಲ್ಲ. ಲಕ್ಕವಳ್ಳಿ ಕಾಡಿನ ಗಾರ್ಡುಗಳ ಹೆಗಲಿನಲ್ಲಿ ವಾಕಿಟಾಕಿ ಇನ್ನೂ ಇದೆ. ಅವರು ಮಾತು ಮುಗಿಸಿ ಬಿಟ್ಟು ಕಾಯುವುದನ್ನು ನೋಡಿದರೆ ನಮ್ಮ ಮನೆಯವರ ಹಾಗೆ ಕಾಣುತ್ತಾರೆ. ಅದು ಇಲಾಖೆಯ ಮಾತು, ನಡುವೆ ನಾವು ಬಾಯಿ ಹಾಕುವಂತಿಲ್ಲ. ದಾರಿಹೋಕರಿಗೆಂದು ಬಿಟ್ಟ ಜಾಗ ಅಂತ ಇದ್ದದ್ದು ಆ ಸಿಬಿ ಒಂದೇ. ಕೇಳಿ ಪಡೆದದ್ದಲ್ಲ, ಕೊಟ್ಟಾಗ ಬೇಕಾದವರಿರಲಿಲ್ಲ. ಹೀಗಾಗಿ ಅದು ಹೋಯಿತು ಎಂದು ಹೇಳಿಕೊಂಡು ಅಳಲೂ ಊರಿನಲ್ಲಿ ಜೊತೆ ಸಿಗುವುದಿಲ್ಲ.

ಚಿಕ್ಕಪ್ಪ ಹೋದ ಮೇಲೆ 807 ಇದ್ದ ಟ್ರಾನ್ಸ್‌ಮಿಟರನ್ನು ಬೆಂಗಳೂರಿನ ಹ್ಯಾಮ್ ಗೆಳೆಯರೊಬ್ಬರು ಕೇಳಿ ತೆಗೆದುಕೊಂಡು ಹೋದರು. ಕಾರ್ಡುಗಳ ಪೆಟ್ಟಿಗೆ ನನ್ನ ಹತ್ತಿರ ಇದೆ. ತಂತಿ ಬಿಚ್ಚಿದೆವು, ರಾಟೆ ಕಟ್ಟಿದ್ದ ಮರ ಹಿಡಿಮುಂಡಿಗೆ ರೋಗಕ್ಕೆ ಮೊದಲೇ ಹೋಗಿತ್ತು.

ಈ ಬೇಸಿಗೆಯಲ್ಲಿ ಅಕ್ಕನ ಮಗ, ಆ ರಿಮೋಟ್ ಕಾರಿನವನೇ, ತನ್ನ ಮಗನನ್ನು ಕರೆದುಕೊಂಡು ಬಂದಿದ್ದ. ಹುಡುಗ ಪೆಟ್ಟಿಗೆ ಕೆದಕಿ ಜಪಾನು, ಉಕ್ರೇನು, ಬ್ರೆಜಿಲ್ ಎಂದು ಕಾರ್ಡುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದ. ತನಗೂ ಇದು ಬೇಕು ಎಂದ. ಈಗ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಇಲ್ಲ, ಹನ್ನೆರಡು ತುಂಬಿದರೆ ಪರೀಕ್ಷೆ ಕಟ್ಟಬಹುದು, ಬೆಂಗಳೂರಿನಲ್ಲಿ ಕಲಿಸುವವರೂ ಇದ್ದಾರೆ ಎಂದೆ. ಅವನಿಗೆ ಅದೆಲ್ಲ ಆಮೇಲೆ.

"ತಾತ, ಇವರೆಲ್ಲ ಅವರಿಗೆ ಮೊದಲೇ ಫ್ರೆಂಡ್ಸಾ?"

"ಅಲ್ಲಪ್ಪ. ಕರೆದರು, ಬಂದರು."

"ಗೊತ್ತಿಲ್ಲದೋರ ಹತ್ರ ಏನು ಮಾತಾಡೋದು?"

ನಿಮ್ಮ ದನಿ ಹೇಗೆ ಕೇಳ್ತಿದೆ ಅಂತ ಹೇಳೋದು, ಹೆಸರು ಹೇಳೋದು, ಊರು ಹೇಳೋದು, ಮಳೆ ಬಂತಾ ಅಂತ ಕೇಳೋದು ಎಂದೆ. ಹುಡುಗ ಒಂದು ಕಾರ್ಡು ತಿರುಗಿಸಿ ಹಿಂಬದಿ ನೋಡಿದ. ಯಾರದೋ ಕೈಬರಹದಲ್ಲಿ ನಿಜವಾಗಿಯೂ ಅಷ್ಟೇ ಇತ್ತು. ಮಳೆಯ ಜಾಗದಲ್ಲಿ ಹಿಮ.